‘ನಿನ್ನ ಸ್ಫೂರ್ತಿ ಯಾರು’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಬಾಗಲಕೋಟೆಯಲ್ಲಿ ಭಾನುವಾರ ಸೇರುವ ನಮ್ಮ ಬರಹ-ಚಿತ್ರ ಕೂಟಕ್ಕೆ ಎಂಟನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳು ಬರುತ್ತಾರೆ. ಹೊಸದಾಗಿ ಬಂದವರು ಮೊದಲು ಮಾಡುವ ಕೆಲಸ ತಮ್ಮ ಪರಿಚಯದ ಮಡಿಕೆಪಟ್ಟಿ: ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಚಿ ನಾಲ್ಕು ಪುಟ, ಬರೆಯುವುದು ಒಂದೇ ಬದಿ. ಎರಡು ಭಾನುವಾರ, ಎರಡೆರಡು ತಾಸು ಬೇಕು.

ಮೊದಲೆಲ್ಲ ‘ನಿನ್ನ ಸ್ಫೂರ್ತಿ ಯಾರು’ ಎಂದೇ ಕೇಳುತ್ತಿದ್ದೆ. ಕುವೆಂಪು, ಬೇಂದ್ರೆ, ಅಬ್ದುಲ್ ಕಲಾಂ, ಪ್ರಕೃತಿ, ತಾಯಿ ಎಂಬ ಉತ್ತರಗಳೇ ಬರುತ್ತಿದ್ದವು. ಇಪ್ಪತ್ತು ಪಟ್ಟಿ ಸಾಲಾಗಿ ತೂಗುಹಾಕಿದರೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಪರೀಕ್ಷೆಯ ಪ್ರಬಂಧಕ್ಕೆ ಕೂತಂತೆ ಒಬ್ಬರೇ ಹಾಳೆಯ ಮುಂದೆ ಕೂತರೆ ಪ್ರಬಂಧದ ಭಾಷೆಯೇ ಬರುತ್ತದೆ. ಹಾಗಾಗಿ ಈಗ ಮೊದಲ ಭಾನುವಾರ ಯಾರೂ ತಮ್ಮ ಬಗ್ಗೆ ತಾವು ಬರೆಯುವುದಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಮಾತಾಡಬೇಕು, ಇನ್ನೊಬ್ಬರು ಆಡಿದ ಮಾತನ್ನು ಆಡಿದಂತೆಯೇ ಗೀಚಿಕೊಳ್ಳಬೇಕು. ಏಳು ನಿಮಿಷಕ್ಕೆ ಅದಲು ಬದಲು. ಮೂರೇ ಪ್ರಶ್ನೆ: ಯಾವುದನ್ನ ನೋಡಿ ನಕಲು ಮಾಡೀದಿ? ಮಾಡಾಕ ಹೋಗಿ ಬರಲಾರದ್ದು ಯಾವುದು? ದಿನಾ ಕಣ್ಣಿಗೆ ಬೀಳೋದು, ಕಿವಿಗೆ ಬೀಳೋದು ಏನು?

ನಕಲಿನ ಪ್ರಶ್ನೆಗೆ ಮಕ್ಕಳು ಮೊದಲು ನಾಚುತ್ತಾರೆ, ಆಮೇಲೆ ಖರೇ ಹೇಳುತ್ತಾರೆ. ಅಲ್ಲಿಯೇ ಅವರು ಯಾರಿಂದ ಏನು ಕಲಿತರು ಎನ್ನುವುದು ಹೊರಬೀಳುತ್ತದೆ.

ಒಂದು ಮಾದರಿ ನೋಡಿ. ಗುಳೇದಗುಡ್ಡದ ನೇಕಾರರ ಮನೆಯ ಹುಡುಗನೊಬ್ಬ ಒಂಟಿಯಾಗಿ ಬರೆದದ್ದು: ‘ನನಗೆ ಕವಿತೆಯೆಂದರೆ ಪಂಚಪ್ರಾಣ. ಪ್ರಕೃತಿಯೇ ನನ್ನ ಸ್ಫೂರ್ತಿ.’ ಜೋಡಿಯವನು ಗೀಚಿಕೊಂಡಿದ್ದು: ‘ನಮ್ಮ ಮನ್ಯಾಗ ಮಗ್ಗದ ಸಪ್ಪಳ ಮುಂಜಾನಿ ಆರಕ್ಕ ಚಾಲೂ ಆಕ್ಕೈತಿ. ಅದು ನಿಂತ್ರ ಎಳಿ ಹರದೈತಿ ಅಂತ ಅರ್ಥ. ಸಾಲು ಎಲ್ಲಿ ನಿಲ್ಲಸಬೇಕು ಅನ್ನೋದನ್ನ ನಾ ಅದರಿಂದ ಕಲ್ತೀನಿ.’ ಎರಡನೆಯದನ್ನೇ ಉಳಿಸಿದೆವು, ಒಂದಕ್ಷರವನ್ನೂ ಪುಸ್ತಕದ ಕನ್ನಡಕ್ಕೆ ತಿದ್ದಲಿಲ್ಲ. ಕಾಗುಣಿತ ಮಾತ್ರ ತಿದ್ದುತ್ತೇನೆ. ‘ಆಕ್ಕೈತಿ’ಯನ್ನು ‘ಆಗುತ್ತದೆ’ ಮಾಡಿದರೆ ಆ ಹುಡುಗ ಮುಂದೆ ಬರೆಯುವುದೆಲ್ಲ ಮತ್ತೆ ಪಂಚಪ್ರಾಣದ ದಾರಿಗೇ ಹೋಗುತ್ತದೆ.

ಇನ್ನು ಕಾಗದ. 22×28 ಇಂಚಿನ ಒಂದು ಡ್ರಾಯಿಂಗ್ ಶೀಟಿನಲ್ಲಿ ನಾಲ್ಕು ಪಟ್ಟಿ ಬರುತ್ತವೆ, ಇಪ್ಪತ್ತನಾಲ್ಕು ಮಕ್ಕಳಿಗೆ ಆರು ಶೀಟು ಸಾಕು. ಕತ್ತರಿಸುವ ಮೊದಲು ನಾರಿನ ದಿಕ್ಕು ನೋಡಿಕೊಳ್ಳಬೇಕು. ಶೀಟನ್ನು ಮಡಿಕೆ ಬೀಳದಂತೆ ಎರಡೂ ಕಡೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಬಾಗಿಗೆ ಸಮನಾಗಿ ನಾರು ಹರಿದಿರುತ್ತದೆ. ಮಡಿಕೆಯೂ ಅದೇ ದಿಕ್ಕಿನಲ್ಲಿ ಬರಬೇಕು. ನಾರು 28 ಇಂಚಿನ ಬದಿಗೆ ಸಮನಾಗಿದ್ದರೆ 22×7ರ ಪಟ್ಟಿ, 22ರ ಬದಿಗೆ ಸಮನಾಗಿದ್ದರೆ 28×5.5ರ ಪಟ್ಟಿ. ಹೇಗೆ ಕತ್ತರಿಸಿದರೂ ಪುಟದ ಅಳತೆ ಒಂದೇ, ನಿಂತಿದ್ದು ಅಡ್ಡಡ್ಡ ಮಲಗುತ್ತದೆ ಅಷ್ಟೇ. ನಾರಿಗೆ ಅಡ್ಡವಾಗಿ ಮಡಿಚಿದರೆ ನಾಲ್ಕು ಸಲ ತೆರೆದು ಮುಚ್ಚುವಷ್ಟರಲ್ಲಿ ಮಡಿಕೆ ಬಿರುಕು ಬಿಡುತ್ತದೆ. ಶಾಯಿ ತೀರಿದ ರಿಫಿಲ್ಲಿನಿಂದ ಸ್ಟೀಲ್ ಸ್ಕೇಲು ಹಿಡಿದು ಗೀರಿ ಆಮೇಲೆ ಮಡಿಚಿದರೆ ಅಂಚು ನೆಟ್ಟಗೆ ಬರುತ್ತದೆ.

ಗೆರೆಗಳ ಅಂತರ 10 ಮಿಲಿಮೀಟರ್ ಇರಲಿ. ಎಂಟಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ. ಸುತ್ತ ಅರ್ಧ ಇಂಚು ಬಿಟ್ಟರೆ ನಿಂತ ಪುಟಕ್ಕೆ 15 ಸಾಲು, ಸುಮಾರು 65 ಪದ. ಆ ಅರ್ಧ ಇಂಚನ್ನು ಬಿಡಲೇಬೇಕು, ಜೆರಾಕ್ಸ್ ಯಂತ್ರ ಅಂಚನ್ನು ತಿನ್ನುತ್ತದೆ. ನೀಲಿ ಬಾಲ್‌ಪೆನ್ನೂ ಎಚ್‌ಬಿ ಪೆನ್ಸಿಲ್ಲೂ ಪ್ರತಿಯಲ್ಲಿ ಮಸುಕಾಗಿ ಬರುತ್ತವೆ. ಬರಹಕ್ಕೆ ಕಪ್ಪು ಜೆಲ್ ಪೆನ್, ಚಿತ್ರಕ್ಕೆ 4ಬಿ.

ಮೊದಲ ಪುಟಕ್ಕೆ ಹೆಸರು. ಇಲ್ಲಿ ನಾವು ಕಟ್ಟುನಿಟ್ಟು: ಅಡ್ಡಹೆಸರು (ಮನೆತನದ ಹೆಸರು), ಶಾಲೆ, ಓಣಿ, ಫೋನ್ ನಂಬರ್, ಭಾವಚಿತ್ರ ಯಾವುದೂ ಬೇಡ. ಬೇಕಾದವರು ಕಾವ್ಯನಾಮ ಇಟ್ಟುಕೊಳ್ಳುತ್ತಾರೆ. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಅಂಕಿತ ಎಂದರೇನು ಎಂದು ಬಿಡಿಸಿ ಹೇಳುವ ಕೆಲಸವೇ ಬೀಳುವುದಿಲ್ಲ. ಪಟ್ಟಿಯನ್ನು ಹೊರಗೆ ತೋರಿಸುವುದಾದರೆ ಮನೆಯವರ ಒಪ್ಪಿಗೆ ಬರಹದಲ್ಲೇ ತಗೊಳ್ಳಿ.

ಎರಡನೇ ಪುಟ ಬರಹ, ಮೂರನೆಯದು ಚಿತ್ರ. ಚಿತ್ರದಲ್ಲಿ ಹೆಚ್ಚಾಗಿ ಕೆಡುವುದು ದೊಡ್ಡದಕ್ಕೆ ಕೈ ಹಾಕಿದಾಗ. ಬಾದಾಮಿಯ ಒಂದನೇ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಐದೂವರೆ ಇಂಚಿನ ಪುಟದಲ್ಲಿ ಅಷ್ಟನ್ನೂ ಬಿಡಿಸಲು ಹೋದವರಿಗೆ ಭುಜ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎನ್ನುವುದೇ ಗೊಂದಲ. ಎರಡೇ ಕೈ ಆರಿಸಿಕೊಂಡು, ಮಣಿಕಟ್ಟಿನಿಂದ ಬೆರಳತುದಿವರೆಗೆ ದೊಡ್ಡದಾಗಿ ಬರೆಯಲು ಹೇಳುತ್ತೇನೆ. ಮೊಬೈಲು ನೋಡಿ ಜಪಾನಿ ಅನಿಮೆ ಮುಖ ಬಿಡಿಸುವವರೂ ಬಹಳ. ಅದನ್ನು ಬೇಡ ಅನ್ನಬಾರದು. ಮೂಲ ಚಿತ್ರವನ್ನು ತಲೆಕೆಳಗು ಮಾಡಿ ನಕಲು ಮಾಡಿಸಿ. ಕಣ್ಣು, ಮೂಗು ಎನ್ನುವುದು ಮರೆತು ಬರೀ ಗೆರೆ ಕಾಣುತ್ತದೆ, ಎರಡು ಕಣ್ಣು ಮೇಲೆ ಕೆಳಗೆ ಆಗುವ ತಪ್ಪು ತಗ್ಗುತ್ತದೆ. ಆಮೇಲೆ ಅದೇ ಗೆರೆಯಲ್ಲಿ ಮನೆಯ ತಮ್ಮನನ್ನೋ ತಂಗಿಯನ್ನೋ ಬಿಡಿಸಬೇಕು. ಪಟ್ಟಿಗೆ ಹೋಗುವುದು ಆ ಎರಡನೆಯ ಚಿತ್ರ, ಕೆಳಗೆ ಮೂಲ ಕಲಾವಿದರ ಹೆಸರು.

‘ನಂಗ ಚಿತ್ರ ಬರಂಗಿಲ್ರೀ ಅಕ್ಕಾರ, ಕಸೂತಿ ಅಷ್ಟ ಬರತೈತಿ’ ಎಂದು ಹಿಂದೆ ಸರಿಯುವ ಹುಡುಗಿಯರು ಪ್ರತಿ ಸಲ ಇರುತ್ತಾರೆ. ಅವರಿಗೆ ಗ್ರಾಫ್ ಹಾಳೆ ಕೊಡುತ್ತೇನೆ. ಎಳೆ ಎಣಿಸಿ ಹಾಕುವ ಕೈ ಅದು, ಚೌಕ ಎಣಿಸಲು ತಡವರಿಸುವುದಿಲ್ಲ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ತುಂಬಿ, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ. ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಹೋದ ದಾರಿಗೆ ಕಪ್ಪು ಶಾಯಿ, ಬಂದ ದಾರಿಗೆ ಕೆಂಪು ಹಾಕಿ ಒಂದು ತುಳಸಿಕಟ್ಟೆ ಬರೆದರೆ ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳ ಹೆಸರೇ ಕೇಳದವರಿಗೂ ಆಕೆಯ ಲೆಕ್ಕ ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಗಳೇ ಎಲ್ಲಕ್ಕಿಂತ ಗಟ್ಟಿ.

ನಾಲ್ಕನೇ ಪುಟದಲ್ಲಿ ‘ಯಾರಿಂದ ಬಂತು’ ಎಂದು ಎರಡು ಮೂರು ಸಾಲು. ಬೀಸುಕಲ್ಲಿನ ಪದ ಹೇಳುವ ಅಜ್ಜಿ ಇದ್ದವರು ಒಂದು ತ್ರಿಪದಿ ಕೇಳಿ ಬರೆದುಕೊಂಡು ಬರುತ್ತಾರೆ. ವಿಜಯಪುರ ಜಿಲ್ಲೆಯ ‘ಹಲಸಂಗಿ ಗೆಳೆಯರು’ ಎಂಬ ಸಾಹಿತಿಗಳ ಗುಂಪು ಹಾಡು ಸಂಗ್ರಹಿಸಿದ್ದೂ ಹೀಗೇ ಹಾಡುವವರ ಬಾಯಿಂದಲೇ. ಅದೇ ಮೂರು ಸಾಲಿನ ಛಂದಸ್ಸು ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲೂ ಇದೆ ಎಂದಾಗ ಮಕ್ಕಳು ಅಜ್ಜಿಯ ಪದವನ್ನು ಇನ್ನೊಮ್ಮೆ ಓದಿ ನೋಡುತ್ತಾರೆ.

ಪಟ್ಟಿಗೆ ಪಟ್ಟಿ ಅಂಟಿಸಲು ಎರಡು ಚಮಚ ಮೈದಾ, ಒಂದು ಕಪ್ ನೀರು, ಚಿಟಿಕೆ ಪಟಿಕ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಪೂರ್ತಿ ಆರಿದ ಮೇಲೆ ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಪುಸ್ತಕದ ಭಾರ ಹೇರಿ. ದಪ್ಪ ಹಚ್ಚಿದರೆ ಕಾಗದ ಸುಕ್ಕುಗಟ್ಟುತ್ತದೆ. ನಾವು ಅಂಟಿಸುವುದು ಜೆರಾಕ್ಸ್ ಪ್ರತಿಗಳನ್ನು, ಮೂಲ ಪಟ್ಟಿ ಬರೆದವರ ಮನೆಗೇ ಹೋಗುತ್ತದೆ. ಮುಂದಿನ ವರ್ಷ ಅದರ ಖಾಲಿ ಬದಿಯಲ್ಲಿ ಅದೇ ಮೂರು ಪ್ರಶ್ನೆಗೆ ಮತ್ತೆ ಬರೆಯಬೇಕು. ಅದಕ್ಕೇ ಸ್ಕೆಚ್ ಪೆನ್ ಮುಟ್ಟಗೊಡುವುದಿಲ್ಲ, ಆ ಬಣ್ಣ ಹಿಂಬದಿಗೆ ಇಳಿಯುತ್ತದೆ.