ನಂಬರ್ ಬರೆದುಕೊಟ್ಟು ಕಳಿಸುವುದನ್ನು ಬಿಟ್ಟ ಮೇಲೆ

ಓದು ಅರ್ಧಕ್ಕೇ ನಿಂತ ಹುಡುಗ ಹುಡುಗಿಯರನ್ನು ಮತ್ತೆ ಓದಿಗೋ ಕೆಲಸಕ್ಕೋ ಸೇರಿಸುವುದು ನನ್ನ ಕೆಲಸ. ಶುರುವಿನಲ್ಲಿ ನಮ್ಮ ಹತ್ತಿರ ಒಂದು ಪಟ್ಟಿ ಇತ್ತು, ಅಷ್ಟೇ. ಯಾರಾದರೂ ಬಂದರೆ ತರಬೇತಿ ಕೇಂದ್ರದ್ದೋ ಕಂಪನಿಯದ್ದೋ ನಂಬರ್ ಬರೆದುಕೊಟ್ಟು, "ಅಲ್ಲಿ ಹೋಗಿ ಕೇಳು" ಅನ್ನುತ್ತಿದ್ದೆವು.

ಒಂದು ದಿನ 19 ವರ್ಷದ ಹುಡುಗಿಯೊಬ್ಬಳು ವಾಪಸ್ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಒಳಗೆ ಮಡಿಕೆ ಬಿದ್ದ ಅಂಕಪಟ್ಟಿ. ಮೂರು ಕಡೆ ಹೋಗಿದ್ದಳು. ಒಂದು ಕಡೆ, ಅಂಕಪಟ್ಟಿಯ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ಒಂದಕ್ಷರ ಹೊಂದಲಿಲ್ಲ. ಇನ್ನೊಂದು ಕಡೆ ಬ್ಯಾಚ್ ಶುರುವಾಗಿ ವಾರ ಕಳೆದಿತ್ತು. ಮೂರನೇ ಕಡೆ ಒಂದು ವರ್ಷದ ಅನುಭವ ಕೇಳಿದರು. ಎಲ್ಲಾ ಕಡೆಯೂ ಯಾಕೆ ಓದು ಬಿಟ್ಟೆ ಅನ್ನುವುದನ್ನು ಮೊದಲಿಂದ ಹೇಳಬೇಕಾಗಿತ್ತು. "ಮತ್ತೆ ಅದನ್ನೇ ಹೇಳೋಕೆ ನನ್ನಿಂದ ಆಗಲ್ಲ" ಎಂದಳು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಜಗತ್ತಿನ 15ರಿಂದ 24 ವರ್ಷದವರಲ್ಲಿ ಐವರಿಗೆ ಒಬ್ಬರು ಓದಿನಲ್ಲೂ ಇರಲಿಲ್ಲ, ಕೆಲಸದಲ್ಲೂ ಇರಲಿಲ್ಲ, ತರಬೇತಿಯಲ್ಲೂ ಇರಲಿಲ್ಲ. ಅವರಲ್ಲಿ ಮೂವರಿಗೆ ಇಬ್ಬರು ಹೆಣ್ಣುಮಕ್ಕಳು. ಆ ಅಂಕಿ ಓದಿದಾಗಲೆಲ್ಲ ನನಗೆ ಆ ಕವರ್ ನೆನಪಾಗುತ್ತದೆ.

ಶಾಲೆ, ತರಬೇತಿ ಕೇಂದ್ರ, ಆಪ್ತಸಮಾಲೋಚಕರು, ಕೆಲಸ ಕೊಡುವವರು, ಎಲ್ಲರನ್ನೂ ಒಟ್ಟಿಗೆ ಕೂರಿಸಿದೆವು. ಮೊದಲ ಎರಡು ಸಭೆ ತಮ್ಮ ತಮ್ಮ ಸಾಧನೆ ಹೇಳಿಕೊಳ್ಳುವುದರಲ್ಲೇ ಮುಗಿದವು. ಮೂರನೆಯದಕ್ಕೆ ನಾನು ಒಂದೇ ಹಾಳೆ ತಂದೆ. ಆ ಹುಡುಗಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಅವಳ ಓಡಾಟವನ್ನು ತಾರೀಖಿನ ಸಮೇತ ಬರೆದಿದ್ದೆ. "ಈ 23 ದಿನ ಇವಳು ಯಾರ ಹೊಣೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದರು ನೋಡಿ. ನಡುವಿನ ದಾರಿಗೆ ಮಾತ್ರ ಯಾರೂ ಇರಲಿಲ್ಲ.

ಅವತ್ತೇ ಒಂದು ನಿಯಮ ಮಾಡಿಕೊಂಡೆವು. ಕಳಿಸುವವರು ಮೊದಲ ದಿನ ಜೊತೆಯಲ್ಲೇ ಹೋಗಬೇಕು. ಆ ಕಡೆಯವರು "ನಮ್ಮ ಹತ್ತಿರ ಇದ್ದಾರೆ" ಅನ್ನುವವರೆಗೂ ಹೊಣೆ ಕಳಿಸಿದವರದ್ದೇ. ಎಲ್ಲ ಕಡೆಗೂ ಒಂದೇ ದಾಖಲೆ, ಅದೂ ಆ ಹುಡುಗ ಹುಡುಗಿಯರ ಒಪ್ಪಿಗೆ ಇದ್ದರೆ. ಓದು ಬಿಟ್ಟ ಕಾರಣ ಅದರಲ್ಲಿ ಬರೆಯುವುದಿಲ್ಲ. ಎಣಿಕೆಯನ್ನೂ ಬದಲಿಸಿದೆವು: ಸೇರಿದವರನ್ನಲ್ಲ, ಮೂರು ತಿಂಗಳಾದರೂ ಉಳಿದವರನ್ನು ಎಣಿಸುತ್ತೇವೆ.

ಕಂಪನಿಗಳ ಜೊತೆಗಿನ ಕೆಲಸಕ್ಕೆ ಜಾಸ್ತಿ ಸಮಯ ಹಿಡಿಯಿತು. ನೇಮಕಾತಿ ವಿಭಾಗದವರನ್ನು ಬಿಟ್ಟು, ನೇರವಾಗಿ ಕೆಲಸ ಮಾಡಿಸುವ ಸೂಪರ್‌ವೈಸರ್ ಜೊತೆ ಕೂತೆವು. ಒಂದು ವರ್ಷದ ಅನುಭವ ಯಾಕೆ ಬೇಕು ಅಂತ ಕೇಳಿದರೆ, "ಸ್ಟಾಕ್ ಎಣಿಸಿ ಸರಿಯಾಗಿ ಬರೆಯಬೇಕು, ಟೈಮಿಗೆ ಬರಬೇಕು, ಅಷ್ಟೇ" ಅಂದರು. ಅದಕ್ಕೆ ಒಂದು ವರ್ಷ ಬೇಕಾ? ಎರಡು ವಾರ ಸಂಬಳ ಕೊಟ್ಟು ಕೆಲಸ ಮಾಡಿಸಿ ನೋಡಿ, ಆಮೇಲೆ ತೀರ್ಮಾನಿಸಿ ಎಂದೆವು. ಸಂಬಳ ಕೊಡಲೇಬೇಕು ಅನ್ನುವುದರಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಕೊನೆಗೆ ಒಪ್ಪಿದರು.

ಆದರೂ ಕೆಲವರು ಮೊದಲ ವಾರದಲ್ಲೇ ಬಿಟ್ಟುಬಿಡುತ್ತಿದ್ದರು. ವಿಚಾರಿಸಿದರೆ, ಸಂಬಳ ಬರುವುದು ತಿಂಗಳ ಕೊನೆಗೆ, ಅಲ್ಲಿವರೆಗೆ ಓಡಾಟಕ್ಕೆ ದುಡ್ಡಿಲ್ಲ. ಈಗ ಮೊದಲ ತಿಂಗಳ ಪ್ರಯಾಣದ ಖರ್ಚನ್ನು ಕಂಪನಿಯೂ ನಾವೂ ಅರ್ಧರ್ಧ ಹಾಕುತ್ತೇವೆ.

ಆ ಹುಡುಗಿ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಅಲ್ಲಿಗೆ ಹೊಸಬರು ಯಾರಾದರೂ ಹೋದರೆ ಗೇಟಿನ ಹತ್ತಿರ ಕಾಯುವುದು ಈಗ ಅವಳೇ.