ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿಗೆ ಅಲ್ಯೂಮಿನಿಯಂ ಪೆಟ್ಟಿಗೆ: ಮನೆಯಲ್ಲೇ ಕೂರಿಸುವ ಕ್ರಮ

ದೂರದ ದಾರಿಯಲ್ಲಿ ಕೈಕೊಡುವುದು ಬಹುಮಟ್ಟಿಗೆ ಬೈಕಿನ ಎಡಬಲಕ್ಕೆ ಕೂರಿಸುವ ಸಾಮಾನು ಪೆಟ್ಟಿಗೆಯಲ್ಲ, ಅದನ್ನು ಹೊತ್ತ ಸ್ಟೇ, ಅಂದರೆ ಗಾಡಿಗೆ ಬೋಲ್ಟು ಹಾಕಿ ಬಿಗಿಯುವ ಪೈಪಿನ ಆಧಾರ. ಅದೂ ವೆಲ್ಡಿಂಗ್ ಬದಿಯಲ್ಲೇ ಸೀಳುತ್ತದೆ. ಪೈಪು ತೆಳುವಾಗಿದ್ದರೆ ಹಾಗಾಗಬಹುದು. ಆದರೆ ಎಷ್ಟೋ ಸಲ ಕೂರಿಸುವಾಗಲೇ ಪೈಪನ್ನು ಬಗ್ಗಿಸಿ, ಎಳೆದು ಬೋಲ್ಟಿಗೆ ಸಿಕ್ಕಿಸಿರುತ್ತಾರೆ. ಒಳಗೆ ಬಿಗುವು ಉಳಿದ ಲೋಹ ಗುಂಡಿ ರಸ್ತೆಯ ಕುಲುಕಾಟವನ್ನು ಹೆಚ್ಚು ದಿನ ತಾಳುವುದಿಲ್ಲ. ಆದ್ದರಿಂದ ಇಡೀ ಕೆಲಸಕ್ಕೆ ಒಂದೇ ನಿಯಮ: ಎಲ್ಲ ಬೋಲ್ಟುಗಳೂ ಬೆರಳಲ್ಲೇ ತಿರುಗಿ ಕೂರಬೇಕು, ಆಮೇಲೆಯೇ ಸ್ಪ್ಯಾನರ್ ಮುಟ್ಟಬೇಕು.

ಕೊಳ್ಳುವ ಮೊದಲು ತೂಕದ ಲೆಕ್ಕ ಹಾಕಿ. 37 ಲೀಟರಿನ, 1.5 ಮಿ.ಮೀ. ತಗಡಿನ ಪೆಟ್ಟಿಗೆ ಒಂದೊಂದೂ ಸುಮಾರು 5 ಕಿಲೋ ತೂಗುತ್ತದೆ, ಸ್ಟೇ ಇನ್ನೊಂದು ಐದು. ಒಂದು ಅಂಗಿ ಇಡುವ ಮೊದಲೇ ಗಾಡಿಯ ಮೇಲೆ 15 ಕಿಲೋ ಏರಿರುತ್ತದೆ. ಹಿಂದೆ ಸವಾರರಿದ್ದರೆ ಇದು ಸಣ್ಣ ಮಾತಲ್ಲ. 411ರಲ್ಲಿ ಸೈಲೆನ್ಸರ್ ಬಲಗಡೆ ಮೇಲೆದ್ದಿರುವುದರಿಂದ ಬಲ ಪೆಟ್ಟಿಗೆ ಎಡದ್ದಕ್ಕಿಂತ ಹೊರಗೆ ಚಾಚುತ್ತದೆ. ಬಲಕ್ಕೆ ಚಿಕ್ಕದು, ಎಡಕ್ಕೆ ದೊಡ್ಡದು ಕೊಂಡರೆ ಅಗಲವೂ ಹಿಡಿತದಲ್ಲಿರುತ್ತದೆ, ಭಾರವನ್ನೂ ಸರಿದೂಗಿಸಬಹುದು.

ಬೇಕಾದ ಸಾಮಾನು: 5 ಮತ್ತು 6 ಮಿ.ಮೀ. ಅಲೆನ್ ಕೀ, 10, 12, 13ರ ಸ್ಪ್ಯಾನರ್, ಟಾರ್ಕ್ ರೆಂಚ್ (ಬಿಗಿತ ಅಳೆದು ತಿರುಗಿಸುವ ಸ್ಪ್ಯಾನರ್), ಎಂ8 ಅಂದರೆ 8 ಮಿ.ಮೀ. ಬೋಲ್ಟಿನ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ), ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು), ಮಾಸ್ಕಿಂಗ್ ಟೇಪ್, ಅಳತೆ ಪಟ್ಟಿ, ಒಂದು ಹಲಗೆ ತುಂಡು. ತೂತು ಕೊರೆಯಬೇಕಾದ ಪೆಟ್ಟಿಗೆಯಾದರೆ ಸೆಂಟರ್ ಪಂಚ್, 3 ಮತ್ತು 6.5 ಮಿ.ಮೀ. ಡ್ರಿಲ್ ಬಿಟ್, ಸಣ್ಣ ಅರ.

ಗಾಡಿಯನ್ನು ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಿರಲಿ. ಪೈಪು ತಾಗಬಹುದಾದ ಕಡೆಗೆಲ್ಲ ಟೇಪ್ ಅಂಟಿಸಿ. ಸ್ಟೇ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಮೇಲೆ ಹಿಂದಿನ ಕ್ಯಾರಿಯರ್ ಬೋಲ್ಟುಗಳಿಗೆ, ಕೆಳಗೆ ಹಿಂಬದಿ ಸವಾರರ ಫುಟ್‌ರೆಸ್ಟ್ ಬಳಿಯ ಬ್ರಾಕೆಟ್‌ಗೆ. ಬಿಚ್ಚಿದ ಬೋಲ್ಟುಗಳನ್ನು ಯಾವುದು ಎಲ್ಲಿಯದೆಂದು ಬರೆದು ಬೇರೆ ಬೇರೆ ಇಡಿ, ಉದ್ದದಲ್ಲಿ ವ್ಯತ್ಯಾಸವಿರುತ್ತದೆ. ನಡುವೆ ಸ್ಟೇಯ ಪಟ್ಟಿ ಸೇರುವುದರಿಂದ ಹಳೆಯ ಬೋಲ್ಟು ಈಗ ಗಿಡ್ಡವಾಗುತ್ತದೆ. ಎಂ8 ಬೋಲ್ಟಿನ ಥ್ರೆಡ್ ಕನಿಷ್ಠ 8 ಮಿ.ಮೀ. ಒಳಹೋಗಬೇಕು. ಹೋಗದಿದ್ದರೆ ತಲೆಯ ಮೇಲೆ 8.8 ಎಂಬ ಬಲದ ದರ್ಜೆಯ ಗುರುತಿರುವ ಉದ್ದ ಬೋಲ್ಟು ತನ್ನಿ, ಇದರಲ್ಲಿ ಜಿಪುಣತನ ಬೇಡ.

ಎಷ್ಟೋ ಕಿಟ್‌ಗಳಲ್ಲಿ ಪೌಡರ್ ಕೋಟಿಂಗ್ ಬಣ್ಣ ಥ್ರೆಡ್‌ನೊಳಗೂ ಇಳಿದಿರುತ್ತದೆ. ಬೋಲ್ಟು ಅರ್ಧಕ್ಕೆ ಬಿಗಿಯಾದರೆ ಬಲ ಹಾಕಬೇಡಿ. ಒಮ್ಮೆ ಟ್ಯಾಪ್ ಓಡಿಸಿ ಚೊಕ್ಕಟ ಮಾಡಿ.

ಮೊದಲು ಎಡ ಸ್ಟೇ, ನಂತರ ಬಲ ಸ್ಟೇ, ಕೊನೆಗೆ ಎರಡನ್ನೂ ಹಿಂದಿನಿಂದ ಜೋಡಿಸುವ ಅಡ್ಡಪಟ್ಟಿ, ಎಲ್ಲವೂ ಸಡಿಲವಾಗಿಯೇ. ಈ ಅಡ್ಡಪಟ್ಟಿಯಿಲ್ಲದ ಅಗ್ಗದ ಕಿಟ್ ಕೊಳ್ಳಬೇಡಿ. ಅದಿಲ್ಲದೆ ಎರಡು ಕಡೆಯ ಭಾರ ಬೇರೆ ಬೇರೆ ತೂಗಾಡಿ ಸೀಟಿನಡಿಯ ಹಿಂಬದಿ ಚೌಕಟ್ಟನ್ನು (ಸಬ್‌ಫ್ರೇಮ್) ತಿರುಚುತ್ತದೆ. ತೂತುಗಳು 2-3 ಮಿ.ಮೀ. ತಪ್ಪಿದರೆ ಎಲ್ಲ ಬೋಲ್ಟು ಇನ್ನಷ್ಟು ಸಡಿಲಿಸಿ ಇಡೀ ಸ್ಟೇಯನ್ನು ಅಲುಗಿಸಿ. ಆಗಲೂ ಸೇರದಿದ್ದರೆ ಸಂದಿಗೆ ವಾಶರ್ ತುಂಬಿ, ಇಲ್ಲವೇ ಪಟ್ಟಿಯ ತೂತನ್ನು ಅರದಿಂದ ಸ್ವಲ್ಪ ಉದ್ದ ಮಾಡಿ. ಜ್ಯಾಕ್ ಹಾಕಿ ಅಗಲಿಸುವುದು, ಸುತ್ತಿಗೆಯಿಂದ ಬಡಿಯುವುದು ಎರಡೂ ಬೇಡ.

ಎಲ್ಲವೂ ಕೂತ ಮೇಲೆ ಒಂದೊಂದನ್ನೇ ಬಿಚ್ಚಿ, ಥ್ರೆಡ್ ಒರೆಸಿ, ಲಾಕರ್‌ನ ಒಂದೆರಡು ಹನಿ ಹಾಕಿ ಮತ್ತೆ ತೊಡಿಸಿ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟಿಗೆ ಲಾಕರ್ ಬೇಡ. ಬಿಗಿಮಾಡುವುದು ಗಾಡಿಯ ಚೌಕಟ್ಟಿನ ಕಡೆಯಿಂದ ಶುರುವಾಗಲಿ, ಅಡ್ಡಪಟ್ಟಿ ಕಡೆಗೆ. 8.8ರ ಎಂ8ಕ್ಕೆ ಸುಮಾರು 22 ನ್ಯೂಟನ್ ಮೀಟರ್, ಎಂ6ಕ್ಕೆ 9. ಕಿಟ್ ಜೊತೆಗಿನ ಹಾಳೆಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ.

ಇನ್ನು ಪೆಟ್ಟಿಗೆ. ತೂತು ಮಾಡದೇ ಬಂದಿದ್ದರೆ ಸ್ಟೇಗೆ ಒರಗಿಸಿ ಹಿಡಿಯಲು ಇನ್ನೊಬ್ಬರು ಬೇಕು. ಗುರುತು ಹಾಕುವ ಮುನ್ನ ನಾಲ್ಕು ಕಡೆ ನೋಡಿ: ಸೈಲೆನ್ಸರಿನಿಂದ ಕನಿಷ್ಠ 25-30 ಮಿ.ಮೀ. ದೂರವಿದೆಯೇ, ಹಿಂದೆ ಕೂತವರ ಮೀನಖಂಡ ತಾಗುತ್ತದೆಯೇ, ಸೀಟಿನ ಬೀಗ ತೆಗೆಯಲು ಬರುತ್ತದೆಯೇ, ಪೆಟ್ಟಿಗೆಯ ಮುಚ್ಚಳ ಕ್ಯಾರಿಯರ್‌ಗೆ ತಾಗದೆ ಪೂರ್ತಿ ತೆರೆಯುತ್ತದೆಯೇ. ಪೆಟ್ಟಿಗೆ ಆದಷ್ಟು ಕೆಳಗೆ, ಆದಷ್ಟು ಮುಂದೆ ಇರಲಿ. ಭಾರ ಹಿಂದಿನ ಚಕ್ರದ ಅಚ್ಚನ್ನು ದಾಟಿ ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರವಾಗಿ, ವೇಗದಲ್ಲಿ ಹ್ಯಾಂಡಲ್ ಓಲಾಡುತ್ತದೆ.

ಒಳಗಡೆ ಹಲಗೆ ಒತ್ತಿಹಿಡಿದು, ಪಂಚ್ ಹೊಡೆದು, ಮೊದಲು 3, ಆಮೇಲೆ 6.5ರ ಬಿಟ್ ಬಳಸಿ. ಹಲಗೆಯಿಲ್ಲದೆ ಕೊರೆದರೆ ತೆಳು ತಗಡು ಹರಿದು ತೂತು ದುಂಡಗೆ ಬರುವುದಿಲ್ಲ. ಅಂಚನ್ನು ಅರದಿಂದ ನಯಮಾಡಿ. ಹೊರಗೆ ರಬ್ಬರ್ ವಾಶರ್, ಒಳಗೆ 20 ಮಿ.ಮೀ.ಗಿಂತ ಅಗಲದ ಉಕ್ಕಿನ ವಾಶರ್ ಹಾಕಿ. ಸಣ್ಣ ವಾಶರ್ ಹಾಕಿದರೆ ಭಾರವೆಲ್ಲ ತೂತಿನ ಸುತ್ತ ಬಿದ್ದು ತಗಡು ಬಿರುಕುಬಿಡುತ್ತದೆ. ಇಲ್ಲಿ ರಬ್ಬರ್ ಸ್ವಲ್ಪ ಉಬ್ಬುವವರೆಗೆ ಬಿಗಿ ಮಾಡಿದರೆ ಸಾಕು. ಮಂಗಳೂರು, ಕಾರವಾರದ ಕಡೆ ಇರುವವರು ಉಕ್ಕಿಗೂ ಅಲ್ಯೂಮಿನಿಯಂಗೂ ನಡುವೆ ನೈಲಾನ್ ವಾಶರನ್ನೂ ಸೇರಿಸಿ. ಉಪ್ಪುಗಾಳಿಯಲ್ಲಿ ಈ ಎರಡು ಲೋಹ ನೇರ ತಾಗಿದರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ.

ಸೋರುತ್ತದೆಯೇ ಎಂದು ನೋಡಲು ತಳಕ್ಕೆ ಹಳೆ ಪತ್ರಿಕೆ ಹಾಸಿ, ಬೀಗ ಹಾಕಿ, ಹತ್ತು ನಿಮಿಷ ಪೈಪಿನಿಂದ ನೀರು ಬಿಡಿ. ಹಾಳೆ ಒದ್ದೆಯಾದ ಜಾಗದ ನೇರಕ್ಕೆ ಮೇಲೆ ನೋಡಿದರೆ ಸೋರುವ ತೂತು ಸಿಗುತ್ತದೆ. ಅಲ್ಲಿ ಸಿಲಿಕಾನ್ ಸೀಲೆಂಟ್ ಹಚ್ಚಿ.

ನಂಬರ್ ಪ್ಲೇಟ್, ಬ್ರೇಕ್ ದೀಪ, ಇಂಡಿಕೇಟರ್ ಮೂರೂ ಹಿಂದಿನಿಂದಲೂ ಓರೆಯಿಂದಲೂ ಕಾಣಬೇಕು. ಇಂಡಿಕೇಟರ್ ಮರೆಯಾದರೆ ಅದನ್ನು ಹೊರಕ್ಕೆ ಸರಿಸುವ ಪಟ್ಟಿ ಹಾಕಿ. ವೈರ್ ಎಳೆದು ಉದ್ದ ಮಾಡಬೇಡಿ, ತುಂಡು ಸೇರಿಸಿ ಬೆಸುಗೆ ಹಾಕಿ. ಬಳಿಕ ಒಟ್ಟು ಅಗಲ ಅಳೆಯಿರಿ. 411ರ ಹ್ಯಾಂಡಲ್ ಸುಮಾರು 840 ಮಿ.ಮೀ., ಪೆಟ್ಟಿಗೆಗಳ ಅಗಲ ಅದನ್ನು ದಾಟುವುದೇ ಹೆಚ್ಚು. ಹ್ಯಾಂಡಲ್ ನುಸುಳಿದ ಸಂದಿಯಲ್ಲಿ ಪೆಟ್ಟಿಗೆ ನುಸುಳುತ್ತದೆಂದು ಎಣಿಸಬೇಡಿ.

ಒಂದು ಪೆಟ್ಟಿಗೆಗೆ 10 ಕಿಲೋ ಮೀರದಿರಲಿ. ತಯಾರಕರು ಕಡಿಮೆ ಹೇಳಿದ್ದರೆ ಅಷ್ಟೇ. ತೂಗುತಕ್ಕಡಿಯಲ್ಲಿ ತೂಗಿ, ಎಡಬಲದ ವ್ಯತ್ಯಾಸ ಒಂದೆರಡು ಕಿಲೋ ಒಳಗಿರಲಿ. ಉಪಕರಣ, ಟ್ಯೂಬು ತಳಕ್ಕೆ, ಬಟ್ಟೆ ಮೇಲಕ್ಕೆ. ಹಿಂದಿನ ಸಸ್ಪೆನ್ಶನ್ನಿನ ಚಲನೆ 180 ಮಿ.ಮೀ. ಸಾಮಾನು ಮತ್ತು ಸವಾರರೊಂದಿಗೆ ಅದು 60 ಮಿ.ಮೀ.ಗಿಂತ ಹೆಚ್ಚು ಕುಸಿದರೆ ಸ್ಪ್ರಿಂಗಿನ ಬಿಗುವು ಹೊಂದಿಸುವ ಪ್ರೀಲೋಡ್ ರಿಂಗನ್ನು ಸಿ-ಸ್ಪ್ಯಾನರ್‌ನಿಂದ ಬಿಗಿಸಿ. ಟೈರಿಗೆ ಇಬ್ಬರ ಸವಾರಿಗೆ ಹೇಳಿದ ಗಾಳಿ ಹಾಕಿ. ಹಿಂಭಾಗ ಕುಸಿದಾಗ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನೂ ಇಳಿಸಿ.

ಕೆಸರಿನಲ್ಲಿ, ಮರಳಿನಲ್ಲಿ ಕಾಲು ನೆಲಕ್ಕೆ ಊರುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಊರಿದ ಕಾಲು ಹಿಂದೆ ಉಳಿದು ಪೆಟ್ಟಿಗೆಯಡಿ ಸಿಕ್ಕಿ ಮೂಳೆ ಮುರಿಯುತ್ತದೆ. ಅಂಥ ದಾರಿಯೇ ಹೆಚ್ಚಿದ್ದರೆ ಬಟ್ಟೆಯ ಚೀಲವೇ ಮೇಲು.

ಪ್ರತಿ ಬೋಲ್ಟಿನ ತಲೆಯಿಂದ ಸ್ಟೇವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಲಾಕರ್ ಗಟ್ಟಿಯಾಗಲು ಒಂದು ದಿನ ಬಿಟ್ಟು, ಖಾಲಿ ಪೆಟ್ಟಿಗೆಯೊಂದಿಗೆ 50 ಕಿ.ಮೀ. ಓಡಿಸಿ ಗೆರೆ ತಪ್ಪಿದೆಯೇ ನೋಡಿ. ಬೋಲ್ಟಿನಡಿಯ ಪೌಡರ್ ಕೋಟಿಂಗ್ ಒತ್ತಿಕೊಂಡು ತೆಳುವಾಗುವುದರಿಂದ ಬೋಲ್ಟು ತಿರುಗದೆಯೂ ಹಿಡಿತ ಸಡಿಲಾಗಬಹುದು. ಹಾಗಾಗಿ ಟಾರ್ಕ್ ರೆಂಚ್ ಇಟ್ಟೇ ಪರೀಕ್ಷಿಸಿ, 500 ಕಿ.ಮೀ.ಗೆ ಇನ್ನೊಮ್ಮೆ. ಪ್ರಯಾಣಕ್ಕೆ ಎರಡು ಎಂ8, ನಾಲ್ಕು ಎಂ6 ಬೋಲ್ಟು, ನೈಲಾಕ್ ನಟ್ಟು, ಬಿಗಿ ಬಕಲ್ ಇರುವ ಒಂದು ಪಟ್ಟಿ ಸೀಟಿನಡಿ ಇಟ್ಟುಕೊಳ್ಳಿ.