ಹೈಡಾ ಕರಿಗಲ್ಲಿನ ಕೆತ್ತನೆಯನ್ನು ಓದುವ ಬಗೆ

ಕೆನಡಾದ ಪಶ್ಚಿಮ ಕರಾವಳಿಯಾಚೆಯ ಹೈಡಾ ಗ್ವಾಯಿ ದ್ವೀಪಗಳ ಶಿಲ್ಪವೊಂದು ವಸ್ತುಸಂಗ್ರಹಾಲಯದಲ್ಲಿ ಕಣ್ಣಿಗೆ ಬಿದ್ದರೆ, ಅದರ ಕಥೆಯನ್ನು ಹುಡುಕುವ ಮೊದಲು ಕಲ್ಲನ್ನು ಗಮನಿಸಿ. ಇಂಗಾಲ ಬೆರೆತ ಜೇಡಿ ಗಟ್ಟಿಯಾಗಿ ರೂಪುಗೊಂಡ ಈ ಮೃದುವಾದ ಕಪ್ಪು ಕಲ್ಲಿಗೆ ಆರ್ಜಿಲೈಟ್ ಎಂದು ಹೆಸರು. ಸ್ಕಿಡೆಗೇಟ್ ಊರಿನ ಸಮೀಪದ ಸ್ಲೇಟ್‌ಚಕ್ ಬೆಟ್ಟದಲ್ಲಿ ಅದರ ಗಣಿಯಿದ್ದು, ಅಲ್ಲಿಂದ ಕಲ್ಲು ತೆಗೆಯುವ ಹಕ್ಕು ಈ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನರಿಗೆ ಮಾತ್ರ ಮೀಸಲಾಗಿದೆ. ಆದ್ದರಿಂದ ಹೊರಗಿನವರು ಕಲಿಯಬೇಕಾದದ್ದು ಕೆತ್ತುವುದನ್ನಲ್ಲ, ನೋಡುವುದನ್ನು.

ಮುಂದೆ ವಸ್ತು ಯಾವುದೆಂದು ಗುರುತಿಸಿ. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಹಡಗಿನವರಿಗೆ ಮಾರಲೆಂದು ಕೆತ್ತಿದ ಧೂಮಪಾನದ ಕೊಳವೆಗಳೇ ಈ ಕಲೆಯ ಮೊದಲ ಸರಕು. ಅವುಗಳಲ್ಲಿ ಎಷ್ಟೋ ಹೊಗೆ ಎಳೆಯಲು ಬಾರದಂಥವು. ತಟ್ಟೆ, ಪೆಟ್ಟಿಗೆ, ಆಕೃತಿಗಳನ್ನು ಒಂದರ ಮೇಲೊಂದು ಕೆತ್ತಿದ ಪುಟ್ಟ ಟೋಟೆಮ್ ಕಂಬಗಳು ಬಳಿಕ ಬಂದವು.

ಈಗ ಪ್ರಾಣಿಗಳನ್ನು ಬಿಡಿಸಿಕೊಳ್ಳಿ. ಕಣ್ಣುಗಳು ಬಹುಪಾಲು ಒಂದೇ ಬಗೆಯ ದುಂಡುಚೌಕದೊಳಗೆ ಇರುವುದರಿಂದ ಅವುಗಳಿಂದ ಏನೂ ತಿಳಿಯದು. ಕೊಕ್ಕು, ಹಲ್ಲು, ಬಾಲಗಳನ್ನು ನೋಡಬೇಕು. ನೇರವಾದ ಉದ್ದ ಕೊಕ್ಕು ರೇವನ್ ಎಂಬ ದೊಡ್ಡ ಕಾಗೆಯದು, ತುದಿ ಕೆಳಕ್ಕೆ ಬಾಗಿದ್ದರೆ ಹದ್ದಿನದು. ಎದುರಿಗೆ ಚಾಚಿದ ಎರಡು ದೊಡ್ಡ ಹಲ್ಲುಗಳೂ ಅಡ್ಡಗೆರೆ ಬಿದ್ದ ಬಾಲವೂ ಮರ ಕಡಿದು ಹೊಳೆಗೆ ಒಡ್ಡು ಕಟ್ಟುವ ಬೀವರ್ ಎಂಬ ಪ್ರಾಣಿಯನ್ನು ಸೂಚಿಸಿದರೆ, ಬೆನ್ನಿನ ಮೇಲೆ ಎತ್ತರಕ್ಕೆ ನಿಂತ ರೆಕ್ಕೆ ಓರ್ಕಾ ತಿಮಿಂಗಿಲವನ್ನು ಸೂಚಿಸುತ್ತದೆ.

ಹೆಸರು ಗೊತ್ತಾದ ಮಾತ್ರಕ್ಕೆ ಕಥೆ ಸಿಕ್ಕಿತೆಂದು ಭಾವಿಸಬಾರದು. ಕಂಬವನ್ನು ಪುಸ್ತಕದಂತೆ ಮೇಲಿನಿಂದ ಕೆಳಗೆ ಓದುವ ಚಪಲ ಎಲ್ಲರಿಗೂ ಇರುತ್ತದೆ, ಆದರೆ ಅದರ ಆಕೃತಿಗಳು ಒಂದೇ ಕಥೆಯವಾಗಿರಬೇಕೆಂದಿಲ್ಲ. ಹೈಡಾ ಸಮಾಜದಲ್ಲಿ ರೇವನ್, ಹದ್ದು ಎಂಬ ಎರಡು ಪಂಗಡಗಳಿವೆ; ಕೆಲವು ಆಕೃತಿಗಳು ಅವುಗಳಲ್ಲಿ ಯಾವುದೋ ಮನೆತನದ ಲಾಂಛನಗಳಾಗಿರಬಹುದು. ಯಾರು ಯಾರನ್ನು ಹಿಡಿದಿದ್ದಾರೆ, ಯಾರ ಬಾಯಿಂದ ಯಾರು ಹೊರಬರುತ್ತಿದ್ದಾರೆ ಎಂಬುದೇ ಹೆಚ್ಚು ನಂಬಬಹುದಾದ ಸುಳಿವು. ಹೆಂಗಸಿನ ಮಡಿಲಲ್ಲಿ ಕರಡಿಮರಿ ಕಂಡರೆ, ಹಣ್ಣು ಕೀಳಲು ಹೋಗಿ ಕರಡಿಗಳನ್ನು ಬೈದು, ಅವುಗಳ ಕೈಗೆ ಸಿಕ್ಕಿ, ಕರಡಿಯನ್ನೇ ವರಿಸಿ ಮಕ್ಕಳನ್ನು ಹೆತ್ತ ಕರಡಿತಾಯಿಯ ಕಥೆಯೆಂದು ಊಹಿಸಬಹುದು. ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿರುವ ಇಂಥದೊಂದು ಶಿಲ್ಪದಲ್ಲಿ ಮೊಲೆಯೂಡುವ ಆ ತಾಯಿಯ ಮುಖ ನೋವಿನಿಂದ ಹಿಂಡಿಹೋಗಿದೆ. ನನ್ನ ದೃಷ್ಟಿಯಲ್ಲಿ ಈ ಕಲೆ ಇದಕ್ಕಿಂತ ಆಳಕ್ಕೆ ಇಳಿದದ್ದು ವಿರಳ.

ತಟ್ಟೆಗಳಲ್ಲಿ ಕಥೆ ಇನ್ನಷ್ಟು ಸ್ಪಷ್ಟವಾಗಿ ಸಿಗುತ್ತದೆ. 1920ರಲ್ಲಿ ತೀರಿಕೊಂಡ ಹೈಡಾ ಶಿಲ್ಪಿ ಚಾರ್ಲ್ಸ್ ಈಡನ್‌ಶಾ ಕೆತ್ತಿದ, ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ ತಟ್ಟೆಯ ನಡುವೆ ಒಂದು ದೋಣಿಯಿದೆ. ಮುಂದೆ ಈಟಿ ಹಿಡಿದಿರುವವನು ಹೈಡಾ ಪುರಾಣಗಳ ನಾಯಕನಾದ ರೇವನ್, ಹಿಂದೆ ದೋಣಿ ನಡೆಸುತ್ತಿರುವವನು ಮರದ ಅಣಬೆಗೆ ರೇವನ್ ತಾನೇ ಮುಖ ಬರೆದು ಮಾಡಿಕೊಂಡ ಅಣಬೆ ಮನುಷ್ಯ. ಹೆಣ್ಣಿನ ಜನನಾಂಗಗಳನ್ನು ಲೋಕಕ್ಕೆ ತರಲು ಹೊರಟ ಯಾನವದು. ಅವು ಇದ್ದ ಜಾಗದ ಮಾಯಾಶಕ್ತಿಗೆ ಬೇರೆ ಯಾವ ಚುಕ್ಕಾಣಿಗನೂ ತಡೆದು ನಿಲ್ಲಲಾಗದೆ ರೇವನ್ ಕಡೆಗೆ ಅಣಬೆಯನ್ನು ಆರಿಸಿಕೊಂಡಿದ್ದ.